ಚರ್ಚಿನ ತೀರ್ಪು, ದೇಶದ ಕಾನೂನು: ನಮ್ಮ ಸಂವಿಧಾನದ ಬಗ್ಗೆ ತಿಳಿದಿರಬೇಕಾದ ಕೆಲವು ಸಂಗತಿಗಳು

ಧರ್ಮಕೇಂದ್ರಗಳ ಕಚೇರಿಯಲ್ಲಿ ಆಗಾಗ ಕೇಳಿಬರುವ ಪ್ರಶ್ನೆಯೊಂದಿದೆ. “ಫಾದರ್, ನನ್ನ ಮದುವೆ ಆರಂಭದಿಂದಲೇ ಅಸಿಂಧು ಎಂದು ಧರ್ಮಪ್ರಾಂತ್ಯದ ನ್ಯಾಯಮಂಡಳಿ ತೀರ್ಪು ಕೊಟ್ಟಿದೆ. ಕಾಗದ ಕೈಯಲ್ಲಿದೆ. ಇನ್ನು ಬೇರೆ ಮದುವೆಗೆ ಅಡ್ಡಿಯಿಲ್ಲವಲ್ಲ?” ತೀರ್ಪಿನಲ್ಲಿ ಬೇರೆ ನಿರ್ಬಂಧ ಹೇಳಿಲ್ಲವಾದರೆ ಧರ್ಮಸಭೆಯ ಮಟ್ಟಿಗೆ ಅಡ್ಡಿಯಿಲ್ಲ. ದೇಶದ ಕಾನೂನಿನ ಮಟ್ಟಿಗೆ ಅಡ್ಡಿಯಿದೆ, ದೊಡ್ಡ ಅಡ್ಡಿಯೇ ಇದೆ. ಸಿವಿಲ್ ಕೋರ್ಟಿನಿಂದ ವಿಚ್ಛೇದನ ಅಥವಾ ವಿವಾಹ ರದ್ದತಿಯ ಆಜ್ಞೆಯನ್ನು ಪಡೆಯದೆ ಮತ್ತೊಂದು ಮದುವೆಯಾದರೆ ಆ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲ. ಮಾತ್ರವಲ್ಲ, ಅದು ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧವೂ ಆಗಬಹುದು.

ಇದನ್ನು ಕೇಳಿದವರಿಗೆ ಬೇಸರವಾಗುವುದು ಸಹಜ. “ಮದುವೆ ಮಾಡಿಸುವಾಗ ಚರ್ಚಿನ ದಾಖಲೆ ಸರಕಾರಕ್ಕೆ ಸಾಕಾಗುತ್ತದೆ, ರದ್ದು ಮಾಡುವಾಗ ಮಾತ್ರ ಯಾಕೆ ಸಾಲದು?” ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಬೇಕಾದರೆ ನಮ್ಮ ದೇಶದಲ್ಲಿ ಕಾನೂನು ಎಲ್ಲಿಂದ ಹುಟ್ಟುತ್ತದೆ, ಯಾರಿಗೆ ಯಾವ ಅಧಿಕಾರ ಯಾರಿಂದ ಬಂದಿದೆ ಎಂಬುದನ್ನು ಸ್ವಲ್ಪ ಮೊದಲಿನಿಂದ ನೋಡಬೇಕು.

ಸಂವಿಧಾನ ಮತ್ತು ಕರಾವಳಿ

ಸಂವಿಧಾನ ರಚನಾ ಸಭೆ ಮೊದಲ ಬಾರಿಗೆ ಸೇರಿದ್ದು 1946ರ ಡಿಸೆಂಬರ್ 9ರಂದು. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಪೂರ್ಣವಾಗಿ ಜಾರಿಗೆ ಬಂದದ್ದು 1950ರ ಜನವರಿ 26ರಂದು. ಕರಡು ಸಮಿತಿಯ ಅಧ್ಯಕ್ಷರು ಡಾ. ಬಿ. ಆರ್. ಅಂಬೇಡ್ಕರ್ ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಆ ಸಮಿತಿ ಪರಿಶೀಲನೆಗೆ ಎತ್ತಿಕೊಂಡ ಮೊದಲ ಕರಡನ್ನು 1947ರ ಅಕ್ಟೋಬರಿನಲ್ಲಿ ಸಿದ್ಧಪಡಿಸಿ ಕೊಟ್ಟವರು ಸಭೆಯ ಸಾಂವಿಧಾನಿಕ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್. ಅವರು ಮಂಗಳೂರಿನಲ್ಲಿ ಹುಟ್ಟಿ ಇಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು ಎಂಬುದು ನಮ್ಮ ಊರಿನಲ್ಲೇ ಹೆಚ್ಚಿನವರಿಗೆ ತಿಳಿದಿಲ್ಲ. ಮದ್ರಾಸ್ ಪ್ರಾಂತ್ಯದಿಂದ ಆ ಸಭೆಯ ಸದಸ್ಯರಾಗಿದ್ದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಮಂಗಳೂರಿನವರೇ.

ಸಭೆಯ ಉಪಾಧ್ಯಕ್ಷರೂ ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರೂ ಆಗಿದ್ದವರು ಬಂಗಾಳದ ಕ್ರೈಸ್ತ ಹರೇಂದ್ರ ಕೂಮರ್ ಮುಖರ್ಜಿ. ಶಾಸನ ಸಭೆಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮೀಸಲು ಸ್ಥಾನಗಳಿರಲಿ ಎಂದು ಮೊದಲು ಒಪ್ಪಲಾಗಿತ್ತು. 1949ರ ಮೇ ತಿಂಗಳಲ್ಲಿ ಅದನ್ನು ಕೈಬಿಡಲಾಯಿತು, ಕ್ರೈಸ್ತ ನಾಯಕರು ಅದಕ್ಕೆ ಬೆಂಬಲ ನೀಡಿದರು. ಹಾಗೆ ಬಿಟ್ಟುಕೊಟ್ಟದ್ದು ತಪ್ಪಾಯಿತೆಂದು ಇವತ್ತಿಗೂ ಗೊಣಗುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಕೆಲವು ಸ್ಥಾನಗಳಿಗೆ ಬದಲಾಗಿ ಅವರು ನೆಚ್ಚಿಕೊಂಡದ್ದು ಎಲ್ಲರಿಗೂ ಸಮಾನವಾಗಿ ಸಿಗುವ, ಕೋರ್ಟಿನಲ್ಲಿ ಕೇಳಿ ಪಡೆಯಬಹುದಾದ ಹಕ್ಕುಗಳನ್ನು. ಮುಂದಿನ ಎಪ್ಪತ್ತು ವರ್ಷಗಳಲ್ಲಿ ನಮ್ಮ ಶಾಲಾ ಕಾಲೇಜುಗಳು ಕೋರ್ಟಿನ ಮೆಟ್ಟಲು ಹತ್ತಿದಾಗಲೆಲ್ಲ ಕೈಹಿಡಿದದ್ದು ಆ ಹಕ್ಕುಗಳೇ.

ಮೂಲದಲ್ಲಿ 395 ವಿಧಿಗಳೂ 8 ಅನುಸೂಚಿಗಳೂ ಇದ್ದವು. ಈಗ ಅನುಸೂಚಿಗಳು 12 ಆಗಿವೆ. 2023ರ ವರೆಗೆ 106 ತಿದ್ದುಪಡಿಗಳಾಗಿವೆ. ಇಷ್ಟನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಸಂವಿಧಾನ ಮಾಡುವ ಕೆಲಸಗಳು ಮುಖ್ಯವಾಗಿ ಮೂರು ಎಂದು ತಿಳಿದರೆ ಸಾಕು: ಸರಕಾರದ ಅಂಗಗಳನ್ನು ನಿರ್ಮಿಸುವುದು, ಅವುಗಳಿಗೆ ಅಧಿಕಾರ ಹಂಚುವುದು, ಆ ಅಧಿಕಾರಕ್ಕೆ ಮಿತಿ ಹಾಕುವುದು. ಪ್ರಧಾನಿಯಿಂದ ಹಿಡಿದು ಗ್ರಾಮ ಪಂಚಾಯತ್ ಅಧ್ಯಕ್ಷರವರೆಗೆ ಯಾರಿಗೂ ಸ್ವಂತ ಅಧಿಕಾರವೆಂಬುದಿಲ್ಲ. ಎಲ್ಲರ ಅಧಿಕಾರವೂ ಎಲ್ಲಿಂದಲೋ ಬಂದದ್ದು, ಹಿಂದೆ ಹಿಂದೆ ಹೋದರೆ ಸಂವಿಧಾನದಿಂದ ಬಂದದ್ದು.

ಮೇಲಿನ ಕಾನೂನು, ಕೆಳಗಿನ ಕಾನೂನು

ಧರ್ಮಸಭೆಯ ಕೆಲಸದಲ್ಲಿರುವವರಿಗೆ ಇದು ಅರ್ಥವಾಗದ ಮಾತಲ್ಲ. ಚರ್ಚ್ ಪಾಲನಾ ಮಂಡಳಿಯ ಠರಾವು ಧರ್ಮಪ್ರಾಂತ್ಯದ ನಿಯಮಾವಳಿಯನ್ನು ಮೀರುವಂತಿಲ್ಲ. ಆ ನಿಯಮಾವಳಿ 1983ರ ಕೆನನ್ ಕಾನೂನು ಸಂಹಿತೆಯನ್ನು ಮೀರುವಂತಿಲ್ಲ. ದೇಶದ ಕಾನೂನಿನಲ್ಲೂ ಇಂಥದೇ ಅಂತಸ್ತುಗಳಿವೆ. ಎಲ್ಲಕ್ಕೂ ಮೇಲೆ ಸಂವಿಧಾನ. ಅದರ ಕೆಳಗೆ ಸಂಸತ್ತು ಅಥವಾ ವಿಧಾನ ಮಂಡಲ ಮಾಡಿದ ಕಾಯಿದೆ. ಅದರ ಕೆಳಗೆ ಆ ಕಾಯಿದೆಯ ಆಧಾರದಲ್ಲಿ ಸರಕಾರ ಮಾಡಿದ ನಿಯಮಗಳು. ಕಟ್ಟಕಡೆಗೆ ಸುತ್ತೋಲೆ, ಕಚೇರಿ ಆದೇಶ ಇತ್ಯಾದಿ. ಯಾವುದೇ ಅಧಿಕಾರಿ “ಇದು ನಿಯಮ” ಎಂದು ಹೇಳಿದಾಗ “ಯಾವ ಕಾಯಿದೆಯ ಯಾವ ಕಲಮಿನಡಿ?” ಎಂದು ವಿನಯದಿಂದ ಕೇಳುವ ಹಕ್ಕು ನಮಗಿದೆ. ಎಷ್ಟೋ ಸಲ ಈ ಒಂದು ಪ್ರಶ್ನೆಗೇ ಫೈಲು ಮುಂದಕ್ಕೆ ಹೋಗುತ್ತದೆ.

1950ರಲ್ಲಿ ದೇಶ ಹೊಸದಾದರೂ ಕಾನೂನುಗಳೆಲ್ಲ ಹೊಸತಾಗಲಿಲ್ಲ. ಬ್ರಿಟಿಷರ ಕಾಲದ ಕಾಯಿದೆಗಳನ್ನು ಬದಲಿಸುವವರೆಗೆ ಮುಂದುವರಿಯಲಿ ಎಂದು 372ನೇ ವಿಧಿ ಹೇಳಿತು. ಅವುಗಳಲ್ಲಿ ಮೂಲಭೂತ ಹಕ್ಕುಗಳಿಗೆ ವಿರುದ್ಧವಾಗಿರುವ ಭಾಗ ಶೂನ್ಯ ಎಂದು 13ನೇ ವಿಧಿ ಹೇಳಿತು. ಈ ಎರಡು ವಿಧಿಗಳನ್ನು ಒಟ್ಟಿಗೆ ಓದಿದರೆ ಕ್ರೈಸ್ತರ ಕುಟುಂಬ ಕಾನೂನಿನ ಅರ್ಧ ಚರಿತ್ರೆ ಗೊತ್ತಾದಂತೆ. ನಮ್ಮ ಮದುವೆಗೆ ಆಧಾರವಾದ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ 1872ರದು. ವಿಚ್ಛೇದನ ಕಾಯಿದೆ 1869ರದು. ಆಸ್ತಿ ಮತ್ತು ಉಯಿಲಿಗೆ ಸಂಬಂಧಿಸಿದ ಭಾರತೀಯ ಉತ್ತರಾಧಿಕಾರ ಕಾಯಿದೆ 1925ರದು. ಮೂರೂ ಬ್ರಿಟಿಷರ ಕಾಲದವು, ಮೂರೂ ಈಗಲೂ ಜೀವಂತ.

13ನೇ ವಿಧಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ನಮಗೆ ಹತ್ತಿರದ ಉದಾಹರಣೆ ಕೊಡುತ್ತೇನೆ. 1925ರ ಕಾಯಿದೆಯ 118ನೇ ಕಲಮಿನ ಪ್ರಕಾರ, ಹತ್ತಿರದ ಬಂಧುಗಳಿರುವ ಕ್ರೈಸ್ತನೊಬ್ಬ ಚರ್ಚಿಗೋ ಧರ್ಮಕಾರ್ಯಕ್ಕೋ ಆಸ್ತಿ ಬರೆದಿಡಬೇಕಾದರೆ ಮರಣಕ್ಕೆ ಕನಿಷ್ಠ 12 ತಿಂಗಳು ಮೊದಲು ಉಯಿಲು ಬರೆದಿರಬೇಕಾಗಿತ್ತು, ಬರೆದ ಆರು ತಿಂಗಳೊಳಗೆ ಅದನ್ನು ಠೇವಣಿಯಿಡಬೇಕಾಗಿತ್ತು. ಹಿಂದೂಗಳಿಗೆ ಈ ಕಟ್ಟುಪಾಡು ಇರಲಿಲ್ಲ. ಸಾಯುವ ದಿನವನ್ನು ಒಂದು ವರ್ಷ ಮೊದಲೇ ತಿಳಿದವರು ಯಾರಿದ್ದಾರೆ? ಕೇರಳದ ಧರ್ಮಗುರು ಜಾನ್ ವಳ್ಳಮಟ್ಟಂ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 2003ರ ಜುಲೈಯಲ್ಲಿ ಕೋರ್ಟು, ಇದು ಸಮಾನತೆಯನ್ನು ಸಾರುವ 14ನೇ ವಿಧಿಗೆ ವಿರುದ್ಧವೆಂದು ಹೇಳಿ ಆ ಕಲಮನ್ನೇ ತೆಗೆದುಹಾಕಿತು. ಎಪ್ಪತ್ತೆಂಟು ವರ್ಷ ಹಳೆಯ ಕಲಮು ಒಂದು ತೀರ್ಪಿನಿಂದ ಬಿದ್ದುಹೋಯಿತು.

ಕೇಂದ್ರದ್ದೇನು, ರಾಜ್ಯದ್ದೇನು

ಕಾಯಿದೆ ಮಾಡುವ ಅಧಿಕಾರವನ್ನು ಏಳನೇ ಅನುಸೂಚಿ ಮೂರು ಪಟ್ಟಿಗಳಲ್ಲಿ ಹಂಚಿದೆ: ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಎರಡೂ ಸರಕಾರಗಳಿಗೆ ಸೇರಿದ ಸಮವರ್ತಿ ಪಟ್ಟಿ. ಕರಾವಳಿಯವರಿಗೆ ಇದನ್ನು ತಿಳಿಸಲು ಸಮುದ್ರವೇ ಸಾಕು. ಮೀನುಗಾರಿಕೆ ರಾಜ್ಯ ಪಟ್ಟಿಯಲ್ಲಿದೆ. ಆದರೆ ದಡದಿಂದ 12 ನಾಟಿಕಲ್ ಮೈಲಿನ ಪ್ರಾದೇಶಿಕ ಜಲವನ್ನು ದಾಟಿದ ಮೇಲಿನ ಮೀನುಗಾರಿಕೆ ಕೇಂದ್ರ ಪಟ್ಟಿಯಲ್ಲಿದೆ. ಮಳೆಗಾಲದ ಮೀನುಗಾರಿಕೆ ನಿಷೇಧಕ್ಕೆ ರಾಜ್ಯದ್ದೊಂದು ಆದೇಶ, ಕೇಂದ್ರದ್ದೊಂದು ಆದೇಶ ಬರುವುದು ಇದೇ ಕಾರಣಕ್ಕೆ. ನವಮಂಗಳೂರಿನಂಥ ಪ್ರಮುಖ ಬಂದರು ಕೇಂದ್ರದ್ದು, ಮಲ್ಪೆಯಂಥ ಬಂದರುಗಳು ಸಮವರ್ತಿ ಪಟ್ಟಿಯವು. ಪೊಲೀಸ್ ಮತ್ತು ಭೂಮಿ ರಾಜ್ಯದ್ದು. ಶಿಕ್ಷಣ ಮೊದಲು ರಾಜ್ಯದ್ದಾಗಿತ್ತು, 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು.

ಮದುವೆ, ವಿಚ್ಛೇದನ, ಉಯಿಲು, ಉತ್ತರಾಧಿಕಾರ ಇವೆಲ್ಲವೂ ಸಮವರ್ತಿ ಪಟ್ಟಿಯಲ್ಲಿವೆ. ಒಂದೇ ವಿಷಯದಲ್ಲಿ ಎರಡು ಕಾಯಿದೆಗಳು ಒಂದಕ್ಕೊಂದು ಅಡ್ಡ ಬಂದರೆ ಸಾಮಾನ್ಯವಾಗಿ ಕೇಂದ್ರದ ಕಾಯಿದೆಯೇ ಗೆಲ್ಲುತ್ತದೆ. ಇಲ್ಲಿ ಗಮನಿಸಬೇಕಾದದ್ದು ಮತ್ತೊಂದಿದೆ. ಈ ಮೂರು ಪಟ್ಟಿಗಳಲ್ಲಿ ಎಲ್ಲಿ ಹುಡುಕಿದರೂ ಧಾರ್ಮಿಕ ಸಂಸ್ಥೆಗಳಿಗೆ ಕಾಯಿದೆ ಮಾಡುವ ಅಧಿಕಾರ ಕೊಟ್ಟದ್ದು ಕಾಣುವುದಿಲ್ಲ.

ಎಡನೀರಿನ ಸ್ವಾಮೀಜಿಯ ಪ್ರಕರಣ

ಹಾಗಾದರೆ ಸಂಸತ್ತು ಬೇಕಾದ ಹಾಗೆ ಸಂವಿಧಾನವನ್ನೇ ಬದಲಿಸಬಹುದೇ? 368ನೇ ವಿಧಿಯ ಪ್ರಕಾರ ತಿದ್ದುಪಡಿಗೆ ಪ್ರತಿ ಸದನದಲ್ಲಿ ಒಟ್ಟು ಸದಸ್ಯರ ಬಹುಮತವೂ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮತವೂ ಬೇಕು. ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ ಬೇಕು. ಅಷ್ಟು ಬಲವಿದ್ದರೆ ಏನು ಬೇಕಾದರೂ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಂಗಳೂರಿನಿಂದ ಹೆಚ್ಚು ದೂರವಿಲ್ಲದ ಕಾಸರಗೋಡಿನ ಎಡನೀರು ಮಠದಿಂದ.

ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಭೂಮಿ ಹೋಗುವ ಪರಿಸ್ಥಿತಿ ಬಂದಾಗ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ವಾದಿಸಿದವರು ನಾನಿ ಪಾಲ್ಖಿವಾಲಾ. 13 ನ್ಯಾಯಾಧೀಶರು ಕುಳಿತು 68 ದಿನ ವಾದ ಆಲಿಸಿದರು. 1973ರ ಏಪ್ರಿಲ್ 24ರಂದು 7 ನ್ಯಾಯಾಧೀಶರು ಒಂದು ಕಡೆ, 6 ಮಂದಿ ಇನ್ನೊಂದು ಕಡೆಯಾಗಿ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ಭಾಗವನ್ನೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಸ್ವಾಮೀಜಿಗೆ ತಮ್ಮ ಭೂಮಿಯ ವಿಷಯದಲ್ಲಿ ಬೇಕಾದ ಪರಿಹಾರ ದೊರೆಯಲಿಲ್ಲ. ದೇಶಕ್ಕೆ ಮಾತ್ರ ದೊಡ್ಡದೊಂದು ರಕ್ಷಣೆ ದೊರೆಯಿತು. 2020ರ ಸೆಪ್ಟೆಂಬರಿನಲ್ಲಿ ಅವರು ನಿಧನರಾದಾಗ ದೇಶದ ಪತ್ರಿಕೆಗಳೆಲ್ಲ ಈ ಮಠವನ್ನು ನೆನೆದವು.

ಇದನ್ನು ಬರೆಯುವಾಗ ಇನ್ನೊಂದು ಮುಖವೂ ನೆನಪಾಗುತ್ತದೆ. ಭೂಸುಧಾರಣೆಯೆಂದರೆ ಭೂಮಾಲಿಕರಿಗೆ ನಷ್ಟ, ಗೇಣಿ ಒಕ್ಕಲುಗಳಿಗೆ ಬದುಕು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯಿಂದ ತಾವು ಗೇಯುತ್ತಿದ್ದ ಗದ್ದೆಗೆ ಒಡೆಯರಾದ ಕುಟುಂಬಗಳು ನಮ್ಮ ವಾಳೆಗಳಲ್ಲಿ ಬಹಳಷ್ಟಿವೆ. ಸಂವಿಧಾನದ ವ್ಯಾಜ್ಯಗಳಲ್ಲಿ ಒಂದು ಕಡೆ ಪೂರ್ತಿ ಸರಿ, ಇನ್ನೊಂದು ಕಡೆ ಪೂರ್ತಿ ತಪ್ಪು ಎಂದು ಇರುವುದು ಕಡಿಮೆ.

ಮೂಲ ಸ್ವರೂಪದಲ್ಲಿ ಏನೆಲ್ಲ ಸೇರಿದೆ ಎಂಬುದನ್ನು ಮುಂದಿನ ತೀರ್ಪುಗಳು ಹೇಳುತ್ತ ಬಂದಿವೆ. ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು 1989ರಲ್ಲಿ ವಜಾ ಮಾಡಿದ ಪ್ರಕರಣದಲ್ಲಿ 1994ರ ತೀರ್ಪು, ಜಾತ್ಯತೀತತೆ ಮೂಲ ಸ್ವರೂಪದ ಭಾಗವೆಂದು ಸ್ಪಷ್ಟಪಡಿಸಿತು.

ಹಕ್ಕುಗಳು, ಅವುಗಳ ಮಿತಿಗಳು

ಮೂಲಭೂತ ಹಕ್ಕುಗಳು ಸಂವಿಧಾನದ ಮೂರನೇ ಭಾಗದಲ್ಲಿವೆ. ಅವುಗಳಲ್ಲಿ ಹೆಚ್ಚಿನವು ಸರಕಾರದ ವಿರುದ್ಧ ಇರುವ ರಕ್ಷಣೆಗಳು, ನೆರೆಮನೆಯವರ ವಿರುದ್ಧ ಅಲ್ಲ. ಬೇಲಿಯ ಜಗಳಕ್ಕೆ 14ನೇ ವಿಧಿ ಹಿಡಿದು ಹೈಕೋರ್ಟಿಗೆ ಹೋಗಲಾಗದು. ಪೊಲೀಸರು ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸದಿದ್ದರೆ 22ನೇ ವಿಧಿಯನ್ನು ಹಿಡಿದು ಹೋಗಬಹುದು. ಹಕ್ಕಿಗೆ ಧಕ್ಕೆಯಾದಾಗ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ, 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಇದನ್ನೇ ರಿಟ್ ಅರ್ಜಿ ಎನ್ನುವುದು.

25ನೇ ವಿಧಿಯ ಬಗ್ಗೆ ನಮ್ಮವರಲ್ಲಿ ಬಹಳ ಮಾತು, ಕಡಿಮೆ ಓದು. ಅದು ಕೊಡುವ ಅಂತಃಕರಣದ ಸ್ವಾತಂತ್ರ್ಯ, ಧರ್ಮವನ್ನು ಅನುಸರಿಸುವ ಮತ್ತು ಪ್ರಚಾರ ಮಾಡುವ ಹಕ್ಕು ನಾಗರಿಕರಿಗೆ ಮಾತ್ರವಲ್ಲ, ಎಲ್ಲ ವ್ಯಕ್ತಿಗಳಿಗೂ ಸೇರಿದ್ದು. ಆದರೆ ಆ ವಿಧಿ ಆರಂಭವಾಗುವುದೇ ಮಿತಿಯಿಂದ: ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಒಳಪಟ್ಟು. ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪನ್ನು ಟೀಕಿಸಿದ ಕಾನೂನು ಪಂಡಿತರು ಅನೇಕರಿದ್ದಾರೆ. ಆದರೂ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟು ಸಾರಿದ ಕಾನೂನು ದೇಶದ ಎಲ್ಲ ಕೋರ್ಟುಗಳನ್ನೂ ಕಟ್ಟುತ್ತದೆ.

ಇದೇ ವಿಧಿ ಸಣ್ಣವರನ್ನು ಹೇಗೆ ಕಾಯುತ್ತದೆ ಎಂಬುದಕ್ಕೆ 1986ರ ಕೇರಳದ ಪ್ರಕರಣವಿದೆ. ಯೆಹೋವನ ಸಾಕ್ಷಿಗಳೆಂಬ ಪಂಗಡದ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ಹೊರಹಾಕಲಾಯಿತು. ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಆ ಪಂಗಡದ ಬೋಧನೆಯನ್ನು ನಾವು ಒಪ್ಪುವುದಿಲ್ಲ. ಅವರ ಹಕ್ಕು ಉಳಿದದ್ದರಿಂದ ನಮ್ಮ ಹಕ್ಕೂ ಗಟ್ಟಿಯಾಯಿತು.

ಶಾಲೆಗಳನ್ನು ಸ್ಥಾಪಿಸಿ ನಡೆಸುವ ಅಲ್ಪಸಂಖ್ಯಾತರ ಹಕ್ಕು 30ನೇ ವಿಧಿಯಲ್ಲಿದೆ. 2002ರ ಅಕ್ಟೋಬರ್ 31ರಂದು ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಾಧೀಶರ ಪೀಠವು, ಯಾರು ಅಲ್ಪಸಂಖ್ಯಾತರು ಎಂಬುದನ್ನು ರಾಜ್ಯವಾರು ಲೆಕ್ಕ ಹಾಕಬೇಕೆಂದು ತೀರ್ಮಾನಿಸಿತು. ಆಡಳಿತ ನಡೆಸುವ ಹಕ್ಕೆಂದರೆ ಕೆಟ್ಟ ಆಡಳಿತ ನಡೆಸುವ ಹಕ್ಕಲ್ಲ ಎಂಬ ಮಾತು ಮಾತ್ರ 1958ರಷ್ಟು ಹಳೆಯದು, ಕೇರಳ ಶಿಕ್ಷಣ ಮಸೂದೆಯ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ ಅಭಿಪ್ರಾಯದ್ದು. ಶಿಕ್ಷಕರಿಗೆ ಸಂಬಳ ಬಾಕಿಯಿಟ್ಟು 30ನೇ ವಿಧಿಯನ್ನು ಉಲ್ಲೇಖಿಸುವ ಆಡಳಿತ ಮಂಡಳಿಗಳು ಇದನ್ನು ಓದಿಕೊಂಡರೆ ಒಳ್ಳೆಯದು.

ಮದುವೆಯ ಪ್ರಶ್ನೆಗೆ ಉತ್ತರ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚರ್ಚಿನಲ್ಲಿ ನಡೆದ ಮದುವೆಯನ್ನು ಸರಕಾರ ಒಪ್ಪುವುದು ಯಾಕೆ? ಬಿಷಪರಿಂದ ಗುರುದೀಕ್ಷೆ ಪಡೆದವರು ತಮ್ಮ ಧರ್ಮಸಭೆಯ ವಿಧಿಗಳಂತೆ ಮದುವೆ ನೆರವೇರಿಸಬಹುದು ಎಂದು 1872ರ ಕಾಯಿದೆಯ 5ನೇ ಕಲಮು ಹೇಳುತ್ತದೆ. ಆ ಅಧಿಕಾರವನ್ನು ಕೊಟ್ಟದ್ದು ದೇಶದ ಕಾಯಿದೆ. ಮದುವೆಯನ್ನು ವಿಚ್ಛೇದಿಸುವ ಅಥವಾ ರದ್ದುಪಡಿಸುವ ಅಧಿಕಾರವನ್ನು 1869ರ ಕಾಯಿದೆ ಸಿವಿಲ್ ಕೋರ್ಟಿಗೆ ಕೊಟ್ಟಿದೆ. ಚರ್ಚಿನ ನ್ಯಾಯಮಂಡಳಿಗೆ ಅದನ್ನು ಯಾವ ಕಾಯಿದೆಯೂ ಕೊಟ್ಟಿಲ್ಲ. ವಿಷಯ ಇಷ್ಟೇ.

ಇದು ಊಹೆಯ ಮಾತಲ್ಲ. ಚರ್ಚ್ ನ್ಯಾಯಮಂಡಳಿಯ ತೀರ್ಪನ್ನು ನಂಬಿ ಎರಡನೆಯ ಮದುವೆಯಾದ ಕೇರಳದ ಪ್ರಕರಣವೊಂದರಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಆ ಎರಡನೆಯ ಮದುವೆ ಅಸಿಂಧು ಎಂಬ ತೀರ್ಪನ್ನು ಎತ್ತಿಹಿಡಿಯಿತು. ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯ್ಸ್ ಅವರು, ಕೆನನ್ ಕಾನೂನು ಕಥೋಲಿಕರ ವೈಯಕ್ತಿಕ ಕಾನೂನಾಗಿದ್ದು ಚರ್ಚ್ ನ್ಯಾಯಮಂಡಳಿಯ ತೀರ್ಪಿಗೆ ಕಾನೂನಿನ ಮಾನ್ಯತೆ ಸಿಗಬೇಕೆಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು 1996ರ ತೀರ್ಪನ್ನೇ ಉಲ್ಲೇಖಿಸಿ ಅದನ್ನು ವಜಾ ಮಾಡಿತು. ಸದ್ಯಕ್ಕೆ ಇದೇ ದೇಶದ ಕಾನೂನು.

ವ್ಯಾವಹಾರಿಕವಾಗಿ ಇದರ ಅರ್ಥವೇನು? ಎರಡು ದಾರಿಗಳೂ ಬೇರೆ ಬೇರೆ. ಕೆನನ್ ಕಾನೂನಿನಲ್ಲಿ ಮದುವೆಯ ಒಪ್ಪಿಗೆ ಕೊಡುವ ಮಾನಸಿಕ ಸಾಮರ್ಥ್ಯವಿರಲಿಲ್ಲ ಎಂಬುದು 1095ನೇ ಕೆನನಿನಡಿ ದೊಡ್ಡ ಕಾರಣ. ಸಿವಿಲ್ ಕಾನೂನಿನಲ್ಲಿ ರದ್ದತಿಗೆ ಇರುವ ಕಾರಣಗಳು ಕಡಿಮೆ: ಷಂಡತನ, ನಿಷಿದ್ಧ ಸಂಬಂಧ, ಮದುವೆಯ ಹೊತ್ತಿಗೆ ಬುದ್ಧಿಭ್ರಮಣೆ, ಮೊದಲ ಸಂಗಾತಿ ಬದುಕಿರುವುದು, ಬಲಾತ್ಕಾರ ಅಥವಾ ಮೋಸದಿಂದ ಪಡೆದ ಒಪ್ಪಿಗೆ. ಆದ್ದರಿಂದ ಹೆಚ್ಚಿನವರು ಕೋರ್ಟಿನಲ್ಲಿ ವಿಚ್ಛೇದನಕ್ಕೇ ಹೋಗಬೇಕಾಗುತ್ತದೆ. 2001ರ ತನಕ ಅದು ಬಹಳ ಕಷ್ಟವಾಗಿತ್ತು. ಗಂಡ ಹೆಂಡತಿಯ ವ್ಯಭಿಚಾರವನ್ನು ಸಾಬೀತುಪಡಿಸಿದರೆ ಸಾಕಾಗಿತ್ತು. ಹೆಂಡತಿ ಮಾತ್ರ ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತುಪಡಿಸಬೇಕಾಗಿತ್ತು. ಬರಿಯ ಹೊಡೆತ ತಿಂದವಳಿಗೆ ಬಿಡುಗಡೆಯಿರಲಿಲ್ಲ. 2001ರ ತಿದ್ದುಪಡಿ ಈ ತಾರತಮ್ಯವನ್ನು ತೆಗೆಯಿತು, ಕ್ರೌರ್ಯವೊಂದೇ ಸಾಕೆಂದಿತು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಎಡೆಮಾಡಿತು. ಒಪ್ಪಿಗೆಯ ವಿಚ್ಛೇದನಕ್ಕೆ ಕ್ರೈಸ್ತರು ಎರಡು ವರ್ಷ ಪ್ರತ್ಯೇಕವಾಗಿರಬೇಕು, ಹಿಂದೂಗಳಿಗೆ ಒಂದೇ ವರ್ಷ ಸಾಕು ಎಂಬ ವ್ಯತ್ಯಾಸವನ್ನು ಕೇರಳ ಹೈಕೋರ್ಟು 2010ರಲ್ಲಿ 14ನೇ ವಿಧಿಗೆ ವಿರುದ್ಧವೆಂದು ಹೇಳಿ ಒಂದು ವರ್ಷಕ್ಕೆ ಇಳಿಸಿತು.

ಧರ್ಮಸಭೆ ವಿಚ್ಛೇದನವನ್ನು ಒಪ್ಪುವುದಿಲ್ಲ ಎಂಬುದು ನಿಜ. ಆದರೆ ಚರ್ಚಿನಲ್ಲಿ ಅಸಿಂಧುವೆಂದು ತೀರ್ಮಾನವಾದ ಮದುವೆಯನ್ನು ಸರಕಾರಿ ದಾಖಲೆಯಿಂದ ತೆಗೆಸಲು ಕೋರ್ಟಿಗೆ ಹೋಗುವುದು ವಿಶ್ವಾಸಕ್ಕೆ ವಿರುದ್ಧವಲ್ಲ. ಹಾಗೆಯೇ ಕೋರ್ಟಿನ ವಿಚ್ಛೇದನ ಮಾತ್ರ ಹಿಡಿದು ಬಂದವರಿಗೆ ಚರ್ಚಿನಲ್ಲಿ ಮರುಮದುವೆ ಮಾಡಿಸಲಾಗದು. ಎರಡೂ ಕಾಗದಗಳು ಬೇಕು. ಕೋರ್ಟಿನ ಆಜ್ಞೆ ಬಂದ ಮರುದಿನವೇ ಮದುವೆಯ ದಿನ ಗೊತ್ತುಪಡಿಸಬಾರದು, ಅಪೀಲಿನ ಅವಧಿ ಮುಗಿಯಬೇಕು. ಸಂಗಾತಿ ಬದುಕಿರುವಾಗ ಮತ್ತೆ ಮದುವೆಯಾದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ 7 ವರ್ಷಗಳವರೆಗೆ ಶಿಕ್ಷೆಯಾಗಬಹುದು. ಮೊದಲ ಮದುವೆಯನ್ನು ಮುಚ್ಚಿಟ್ಟಿದ್ದರೆ 10 ವರ್ಷಗಳವರೆಗೆ. ಶಿಕ್ಷೆಗಿಂತಲೂ ಕಷ್ಟ ಮುಂದೆ ಬರುತ್ತದೆ: ಪಿಂಚಣಿ, ವಿಮೆ, ಆಸ್ತಿಯ ಪಾಲು ಇವುಗಳ ಹೊತ್ತಿಗೆ ಎರಡನೆಯ ಹೆಂಡತಿಯೂ ಅವಳ ಮಕ್ಕಳೂ ತಮ್ಮ ಹಕ್ಕಿಗಾಗಿ ಅಲೆಯಬೇಕಾಗುತ್ತದೆ. ಕಚೇರಿಯಲ್ಲಿ ಕುಳಿತವರು “ಆಗುತ್ತದೆ, ಪರವಾಗಿಲ್ಲ” ಎಂದು ಹೇಳಿ ಕಳುಹಿಸಬಾರದ ವಿಷಯ ಇದು.

ಹೆಣ್ಣುಮಕ್ಕಳ ಪಾಲು ಮತ್ತು ಉಯಿಲು

ಮೇರಿ ರಾಯ್ ಅವರ ಹೆಸರನ್ನು ಕೇಳದವರಿಲ್ಲ. ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದು ಮಾತ್ರ ಸಿಗುತ್ತಿತ್ತು. 1986ರಲ್ಲಿ ಸುಪ್ರೀಂ ಕೋರ್ಟು, 1951ರ ಏಪ್ರಿಲ್ 1ರಿಂದಲೇ ಆ ಕಾಯಿದೆ ಹೋಗಿ 1925ರ ಕಾಯಿದೆ ಅಲ್ಲಿಗೆ ಬಂದಿದೆ ಎಂದು ತೀರ್ಮಾನಿಸಿತು. ಮೂವತ್ತೈದು ವರ್ಷ ಇದ್ದ ಹಕ್ಕು ಯಾರಿಗೂ ಗೊತ್ತೇ ಇರಲಿಲ್ಲ!

ನಮ್ಮ ಜಿಲ್ಲೆಗಳು ಮದ್ರಾಸ್ ಪ್ರಾಂತ್ಯದಲ್ಲಿದ್ದವು, ತಿರುವಾಂಕೂರಿನ ಕಾಯಿದೆ ಇಲ್ಲಿಗೆ ಬಂದದ್ದೇ ಇಲ್ಲ. ತಂದೆ ಉಯಿಲು ಬರೆಯದೆ ತೀರಿಕೊಂಡರೆ ವಿಧವೆಗೆ ಮೂರನೇ ಒಂದು ಪಾಲು, ಉಳಿದ ಮೂರನೇ ಎರಡರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಸಮಪಾಲು. ಮದುವೆಗೆ ಖರ್ಚು ಮಾಡಿದ್ದೇವೆ, ಚಿನ್ನ ಕೊಟ್ಟಿದ್ದೇವೆ ಎಂಬ ಕಾರಣಕ್ಕೆ ಮಗಳ ಪಾಲು ಇಲ್ಲವಾಗುವುದಿಲ್ಲ. ಅವಳಿಂದ ಓದಿಸದೆ ಸಹಿ ಹಾಕಿಸಿಕೊಂಡ ಬಿಡುಗಡೆ ಪತ್ರಗಳು ಎಷ್ಟು ಮನೆಗಳಲ್ಲಿ ಜಗಳಕ್ಕೆ ಮೂಲವಾಗಿವೆ ಎಂಬುದು ಗುರಿಕಾರರಿಗೆ ನನಗಿಂತ ಚೆನ್ನಾಗಿ ಗೊತ್ತು.

ಉಯಿಲು ಬರೆಯುವುದಾದರೆ ಇಬ್ಬರು ಸಾಕ್ಷಿಗಳು ಬೇಕು. ಕ್ರೈಸ್ತರು ಗಮನಿಸಬೇಕಾದ ಸೂಕ್ಷ್ಮ ಒಂದಿದೆ: ಉಯಿಲಿಗೆ ಸಾಕ್ಷಿ ಹಾಕಿದವರಿಗೆ ಅಥವಾ ಅವರ ಗಂಡ ಹೆಂಡತಿಗೆ ಅದೇ ಉಯಿಲಿನಲ್ಲಿ ಏನಾದರೂ ಕೊಟ್ಟಿದ್ದರೆ ಉಯಿಲು ನಿಲ್ಲುತ್ತದೆ, ಆ ಕೊಡುಗೆ ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಪಾಲು ಪಡೆಯುವ ಮಗನನ್ನೋ ಸೊಸೆಯನ್ನೋ ಸಾಕ್ಷಿಯಾಗಿ ಕೂರಿಸಬೇಡಿ. ಹಿಂದೆ ಕ್ರೈಸ್ತರ ಉಯಿಲಿನ ಹಕ್ಕನ್ನು ಕೋರ್ಟಿನಲ್ಲಿ ಸ್ಥಾಪಿಸಲು ಪ್ರೊಬೇಟ್ ಕಡ್ಡಾಯವಾಗಿತ್ತು. ಅದನ್ನೂ ಕ್ಲಾರೆನ್ಸ್ ಪಾಯ್ಸ್ ಅವರೇ ಪ್ರಶ್ನಿಸಿದ್ದರು. 2001ರಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ತಾರತಮ್ಯವಿಲ್ಲವೆಂದು ಅರ್ಜಿಯನ್ನು ತಳ್ಳಿಹಾಕಿತು. ಮರುವರ್ಷ, 2002ರಲ್ಲಿ, ಸಂಸತ್ತೇ ಕಾಯಿದೆ ತಿದ್ದಿ ಭಾರತೀಯ ಕ್ರೈಸ್ತರಿಗೆ ವಿನಾಯಿತಿ ಕೊಟ್ಟಿತು. ಕೋರ್ಟಿನಲ್ಲಿ ಸೋತದ್ದು ಸಂಸತ್ತಿನಲ್ಲಿ ಗೆದ್ದಿತು. ಕೋರ್ಟಿನ ಕೆಲಸ ಬೇರೆ, ಸಂಸತ್ತಿನ ಕೆಲಸ ಬೇರೆ ಎಂಬುದಕ್ಕೆ ಇದಕ್ಕಿಂತ ಸುಲಭ ಉದಾಹರಣೆ ಸಿಗಲಾರದು.

ಎಲ್ಲಿಗೆ ಹೋಗಬೇಕು

ವಿಚ್ಛೇದನ ಅಥವಾ ರದ್ದತಿಗೆ ಕುಟುಂಬ ನ್ಯಾಯಾಲಯವಿದ್ದಲ್ಲಿ ಅಲ್ಲಿಗೆ, ಇಲ್ಲದಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬೇಕು. ಅದರ ಮೇಲೆ ಕರ್ನಾಟಕ ಹೈಕೋರ್ಟು. ಅದು ಬೆಂಗಳೂರಿನಲ್ಲಿದೆ, ಧಾರವಾಡ ಮತ್ತು ಕಲಬುರಗಿಯಲ್ಲಿ ಪೀಠಗಳಿವೆ. ಕರಾವಳಿಯವರು ಘಟ್ಟ ಹತ್ತಲೇಬೇಕು. ಎಲ್ಲಕ್ಕೂ ಮೇಲೆ ಸುಪ್ರೀಂ ಕೋರ್ಟು.

ವಕೀಲರ ಖರ್ಚಿಗೆ ಹೆದರಿ ಸುಮ್ಮನಿರುವವರಿಗೆ ಒಂದು ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಮುಂತಾದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತವಾಗಿ ವಕೀಲರನ್ನು ಒದಗಿಸಬೇಕು. ಇತರರಿಗೆ ಆದಾಯದ ಮಿತಿಯಿದೆ. ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಿದೆ, ತಾಲೂಕು ಕೋರ್ಟುಗಳಲ್ಲಿ ಅದರ ಸಮಿತಿಗಳಿವೆ. 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಹೋಗುವಾಗ ಮದುವೆಯ ದಾಖಲೆಯ ದೃಢೀಕೃತ ಪ್ರತಿ, ಗುರುತಿನ ಚೀಟಿ, ಮಕ್ಕಳ ಜನನ ಪತ್ರ ಮತ್ತು ಚರ್ಚ್ ನ್ಯಾಯಮಂಡಳಿಯ ತೀರ್ಪಿದ್ದರೆ ಅದರ ಪ್ರತಿಯನ್ನು ಒಯ್ಯಿರಿ. ಆ ತೀರ್ಪಿನಿಂದ ಕೋರ್ಟಿನಲ್ಲಿ ಮದುವೆ ಮುರಿಯುವುದಿಲ್ಲವಾದರೂ, ಅದರಲ್ಲಿರುವ ವಿವರಗಳು ವಕೀಲರಿಗೆ ಅರ್ಜಿ ಬರೆಯಲು ಉಪಯೋಗಕ್ಕೆ ಬರುತ್ತವೆ.